0.6 ವೋಲ್ಟ್ ಎಲ್ಲಿ ಹೋಯಿತು? ಟ್ರೈಲರ್‌ಗೆ ಸೋಲಾರ್ ಹಾಕಿಕೊಂಡ ನನ್ನ ಅನುಭವ

ಅರಿಜೋನಾದ ಫೀನಿಕ್ಸ್‌ನಲ್ಲಿ ನೆಲೆಸಿರುವ ನಾವು ಚಳಿಗಾಲದಲ್ಲಿ ಪಿಕಪ್‌ನ ಹಿಂದೆ ಟ್ರಾವೆಲ್ ಟ್ರೈಲರ್ (ಚಕ್ರದ ಮೇಲಿನ ಪುಟ್ಟ ಮನೆ) ಕಟ್ಟಿಕೊಂಡು, ಕ್ವಾರ್ಟ್ಸ್‌ಸೈಟ್ ಸುತ್ತಲಿನ ಮರುಭೂಮಿಯಲ್ಲಿ ಕರೆಂಟಾಗಲಿ ನಲ್ಲಿಯಾಗಲಿ ಇಲ್ಲದ ಸರ್ಕಾರಿ ಜಮೀನಿನಲ್ಲಿ ನಾಲ್ಕೈದು ದಿನ ತಂಗುವುದುಂಟು. ಅಲ್ಲಿ ಎರಡನೆಯ ರಾತ್ರಿಗೇ ಬ್ಯಾಟರಿ ಕೈಕೊಡುತ್ತಿತ್ತು. ಹೀಟರ್ ಉರಿಯುವುದು ಗ್ಯಾಸಿನಿಂದಾದರೂ ಅದರ ಫ್ಯಾನ್ ಸುಮಾರು 7 ಆಂಪಿಯರ್ ಎಳೆಯುತ್ತದೆ. ಗ್ಯಾಸ್ ಸೋರಿಕೆಯ ಅಲಾರಂ, ಫ್ರಿಜ್ಜಿನ ಕಂಟ್ರೋಲ್ ಬೋರ್ಡ್ ಮೊದಲಾದವು ಹಗಲಿರುಳೂ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಲೆಕ್ಕ ಹಾಕಿದರೆ ದಿನಕ್ಕೆ 45 ಆಂಪಿಯರ್-ಗಂಟೆ ಬೇಕಾಗಿತ್ತು. ಟ್ರೈಲರ್ ಜೊತೆ ಬಂದಿದ್ದ ಬ್ಯಾಟರಿಯ ಸಾಮರ್ಥ್ಯ 75. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯುಸ್ಸು ಕುಗ್ಗುವುದರಿಂದ ನಿಜವಾಗಿ ಬಳಸಬಹುದಾದದ್ದು 38ರಷ್ಟು ಮಾತ್ರ.

ಮೊದಲು ಬ್ಯಾಟರಿಯನ್ನೇ ಬದಲಾಯಿಸಿ, ಗಾಲ್ಫ್ ಗಾಡಿಗೆ ಹಾಕುವ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ವೋಲ್ಟೇಜ್ ಕೂಡುವಂತೆ ಒಂದರ ಹಿಂದೊಂದಾಗಿ, ಜೋಡಿಸಿದೆ. ಲಿಥಿಯಂ ಬ್ಯಾಟರಿ ಹಗುರವಾದರೂ ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ನಮ್ಮ ಬ್ಯಾಟರಿಗಳೋ ಟ್ರೈಲರ್‌ನ ಮೂತಿಯ ಮೇಲೆ ಬಯಲಲ್ಲೇ ಕೂರುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಊರಿನ ಮನೆಯ ಯುಪಿಎಸ್ ಕಾಲದಿಂದಲೂ ಅಭ್ಯಾಸವಾದದ್ದೇ.

ಆಮೇಲೆ 100 ವ್ಯಾಟಿನ ಎರಡು ಪ್ಯಾನೆಲ್‌ಗಳನ್ನು ಛಾವಣಿಯ ಹಿಂಭಾಗದಲ್ಲಿ ಕೂರಿಸಿ, ಸ್ಕ್ರೂ ಹೊಕ್ಕ ಪ್ರತಿಯೊಂದು ತೂತಿನ ಮೇಲೂ ರಬ್ಬರ್ ಛಾವಣಿಗೆಂದೇ ಸಿಗುವ ಸೀಲಂಟ್ ಸುರಿದೆ. ಪ್ಯಾನೆಲ್‌ಗಳನ್ನು ಪ್ಯಾರಲೆಲ್ ಆಗಿ (ಆಂಪಿಯರ್ ಕೂಡುವಂತೆ) ಜೋಡಿಸಿ, ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಅಗ್ಗದ ಪಿಡಬ್ಲ್ಯುಎಂ ಬಗೆಯ ಕಂಟ್ರೋಲರನ್ನು ಕಣ್ಣಿಗೆ ಕಾಣುವಂತೆ ಒಳಗಿನ ಕಪಾಟಿನ ಪಕ್ಕದಲ್ಲಿ ಹಚ್ಚಿ, ಅಲ್ಲಿಂದ ಬ್ಯಾಟರಿಯವರೆಗೆ 6 ಮೀಟರ್ ದೂರಕ್ಕೆ 12 ಗೇಜಿನ ತಂತಿ (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ಎಳೆದೆ. ತಪ್ಪಾದದ್ದು ಇಲ್ಲಿಯೇ.

ಕಂಟ್ರೋಲರ್‌ನ ಪರದೆ ಮಧ್ಯಾಹ್ನದ ಹೊತ್ತಿಗೆ 14.6 ವೋಲ್ಟ್ ತೋರಿಸಿ, ಚಾರ್ಜಿಂಗ್ ಬಹುತೇಕ ಮುಗಿಯಿತೆಂಬಂತೆ ಕರೆಂಟನ್ನು ಇಳಿಸಲು ಶುರುಮಾಡುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಬ್ಯಾಟರಿ ಬಳಲಿರುತ್ತಿತ್ತು. ಮೂರನೆಯ ಪ್ರವಾಸದಲ್ಲಿ ಬೇಸತ್ತು, ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ನೇರವಾಗಿ ಬ್ಯಾಟರಿ ಟರ್ಮಿನಲ್‌ಗಳಿಗೆ ಒತ್ತಿ ಹಿಡಿದಾಗ ಕಂಡದ್ದು 14.0. ಉಳಿದ 0.6 ವೋಲ್ಟನ್ನು ತಂತಿಯೇ ನುಂಗಿತ್ತು: 12 ಗೇಜಿನ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 5.2 ಮಿಲಿಓಮ್, ಹೋಗಿಬರುವ ದಾರಿ ಸೇರಿ 12 ಮೀಟರಿಗೆ 0.06 ಓಮ್, ಅದರಲ್ಲಿ 10 ಆಂಪಿಯರ್ ಹರಿದರೆ ನಷ್ಟ 0.6 ವೋಲ್ಟ್. ಕಂಟ್ರೋಲರ್ ತನ್ನ ಬಳಿಯ ವೋಲ್ಟೇಜನ್ನು ಬ್ಯಾಟರಿಯದೆಂದೇ ನಂಬಿ ಕೈಬಿಗಿ ಮಾಡುತ್ತಿತ್ತು. ಪಿಕಪ್‌ನ ಏಳು ಪಿನ್ನಿನ ಪ್ಲಗ್ಗಿನಿಂದ ದಿನವಿಡೀ ಗಾಡಿ ಓಡಿಸಿದರೂ ಬ್ಯಾಟರಿ ತುಂಬದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣವೆಂಬುದು ಆಗ ಹೊಳೆಯಿತು.

ಇಡೀ ತಂತಿಯನ್ನು ಬದಲಾಯಿಸಬೇಕೆಂದು ಮೊದಲು ಹೆದರಿದ್ದೆ, ಆದರೆ ಅದರ ಅಗತ್ಯ ಬೀಳಲಿಲ್ಲ. ಪ್ಯಾನೆಲ್‌ಗಳನ್ನು ಸೀರೀಸ್‌ಗೆ ಬದಲಿಸಿದೆ. ಈಗ ಅವು ಸುಮಾರು 36 ವೋಲ್ಟಿನಲ್ಲಿ 5.5 ಆಂಪಿಯರ್ ಮಾತ್ರ ಕಳಿಸುವುದರಿಂದ, ಈಗ ಪ್ಯಾನೆಲ್ಲಿಗೂ ಕಂಟ್ರೋಲರಿಗೂ ನಡುವೆ ಇರುವ ಅದೇ ತಂತಿಯಲ್ಲಿ ನಷ್ಟ ನೂರಕ್ಕೆ ಒಂದರಷ್ಟೂ ಇಲ್ಲ. ಅಷ್ಟು ವೋಲ್ಟೇಜನ್ನು ಇಳಿಸಿ ಆಂಪಿಯರ್ ಏರಿಸುವ ಎಂಪಿಪಿಟಿ ಕಂಟ್ರೋಲರ್ ತಂದು, ಮುಂಭಾಗದ ಸಾಮಾನಿನ ಗೂಡಿನೊಳಗೆ, ಬ್ಯಾಟರಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಕೂರಿಸಿ, ಆ ತುಂಡಿಗಷ್ಟೇ ಹೆಬ್ಬೆರಳಿನಂತೆ ದಪ್ಪಗಿರುವ 6 ಗೇಜಿನ ಕೇಬಲ್ ಹಾಕಿದೆ. ಹೆಬ್ಬೆರಳೆಂದದ್ದು ಸ್ವಲ್ಪ ಅತಿಶಯೋಕ್ತಿ. ಇಕ್ಕಟ್ಟಿನಲ್ಲಿ ಅದನ್ನು ಬಗ್ಗಿಸುವಾಗ ಮಾತ್ರ ಹಾಗೆಯೇ ಅನ್ನಿಸಿತು. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಅಂಟಿಕೊಂಡಂತೆ 30 ಆಂಪಿಯರಿನ ಫ್ಯೂಸ್ ಇಟ್ಟೆ, ಏಕೆಂದರೆ ಶಾರ್ಟ್ ಆದರೆ ತಂತಿಯನ್ನು ಸುಡುವಷ್ಟು ಬಲವಿರುವುದು ಪ್ಯಾನೆಲ್ಲಿಗಲ್ಲ, ಬ್ಯಾಟರಿಗೆ. ಬಿಸಿಲಿನಲ್ಲಿ ಪ್ಯಾನೆಲ್ಲಿಗೆ ಸ್ವಿಚ್ ಆಫ್ ಎಂಬುದಿಲ್ಲವಾದ್ದರಿಂದ ಹಳೆಯ ಕಂಬಳಿ ಹೊದಿಸಿ ಕೆಲಸ ಮಾಡಿದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನು, ಆಮೇಲೆ ಪ್ಯಾನೆಲ್ಲನ್ನು ಜೋಡಿಸಿದೆ. ಈಗ ಎರಡೂ ಕಡೆಯ ಅಳತೆಯಲ್ಲಿ ಇರುವ ವ್ಯತ್ಯಾಸ 0.05 ವೋಲ್ಟ್. ಸೀರೀಸ್‌ನ ಒಂದು ತೊಂದರೆಯೆಂದರೆ ಛಾವಣಿಯ ಮೇಲಿನ ಏಸಿಯ ನೆರಳು ಒಂದು ಪ್ಯಾನೆಲ್ಲಿನ ಮೇಲೆ ಬಿದ್ದರೂ ಇಡೀ ಸಾಲು ಸೊರಗುತ್ತದೆ, ಹಾಗಾಗಿ ಟ್ರೈಲರ್ ನಿಲ್ಲಿಸುವಾಗ ದಿಕ್ಕು ನೋಡಿಕೊಳ್ಳಬೇಕಾಗುತ್ತದೆ.

ಡಿಸೆಂಬರಿನಲ್ಲಿ ಇನ್ನೊಂದು ಕೊರತೆ ಕಾಣಿಸಿತು. ಕ್ವಾರ್ಟ್ಸ್‌ಸೈಟಿನಲ್ಲಿ ಆಗ ನಡುಹಗಲಿನ ಸೂರ್ಯ ದಿಗಂತದಿಂದ 33 ಡಿಗ್ರಿಯಷ್ಟೇ ಮೇಲಿರುವುದರಿಂದ, ಮಟ್ಟಸವಾಗಿ ಮಲಗಿರುವ ಪ್ಯಾನೆಲ್ಲಿಗೆ ನೇರ ಬಿಸಿಲಿನಲ್ಲಿ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಲ್ಯೂಮಿನಿಯಂ ಪಟ್ಟಿಗಳಿಂದ ಊರುಗೋಲು ಮಾಡಿ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಎತ್ತಿ ನಿಲ್ಲಿಸಿದಾಗ 6 ಆಂಪಿಯರ್ ಇದ್ದದ್ದು 11ರ ಹತ್ತಿರ ಬಂತು. ಹೊರಡುವ ಮುನ್ನ ಏಣಿ ಹತ್ತಿ ಅವನ್ನು ಮಲಗಿಸುವುದು ಮರೆತರೆ ಹೆದ್ದಾರಿಯ ಗಾಳಿಗೆ ಕಿತ್ತುಹೋದಾವೆಂದು, ಪ್ಯಾನೆಲ್ ಎತ್ತಿದ ಕೂಡಲೇ ನನ್ನ ಹೆಂಡತಿ ಪಿಕಪ್‌ನ ಸ್ಟೀರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟಿಬಿಡುತ್ತಾಳೆ.