ಬಿ.ಕಾಂ. ಮುಗಿಯುವ ಮೊದಲೇ ಕೆಲಸ: ನನ್ನ ಅನುಭವ

ತುಮಕೂರು ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಉದ್ಯೋಗ ಘಟಕದ ಹೊಣೆ ನನ್ನದು. ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳನ್ನು ಪ್ರತಿ ತಿಂಗಳು 10ರಿಂದ 20ರವರೆಗೆ ಮಧ್ಯಾಹ್ನದ ಹೊತ್ತು ತೆರಿಗೆ ಸಲಹೆಗಾರರ ಕಚೇರಿಗಳಿಗೆ ಕಳುಹಿಸುತ್ತೇನೆ ಎಂದಾಗ, ಕಾಫಿ ತರಿಸುವುದಕ್ಕಷ್ಟೇ ಇವರನ್ನು ಬಳಸಿಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಕಳೆದ ಸಾಲಿನಲ್ಲಿ ಹೀಗೆ ಹೋದ ಸುಮಾರು ಮೂವತ್ತು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫಲಿತಾಂಶಕ್ಕೆ ಮೊದಲೇ ಸಂಬಳಕ್ಕೆ ಸೇರಿದ್ದಾರೆ. ನಕ್ಕವರೇ ಈಗ ತಮ್ಮ ನೆಂಟರ ಮಕ್ಕಳನ್ನು ಸೇರಿಸಿಕೊಡಿ ಎಂದು ಬರುತ್ತಿದ್ದಾರೆ.

ಅದಕ್ಕೂ ಮೊದಲು ಉದ್ಯೋಗ ಮೇಳ ನಡೆಸುತ್ತಿದ್ದೆವು. ಶಾಮಿಯಾನ, ಊಟ, ಬ್ಯಾನರ್ ಎಂದು ನಲವತ್ತು ಸಾವಿರದ ಆಸುಪಾಸು ಖರ್ಚಾಗುತ್ತಿತ್ತು. ಆಯ್ಕೆಯಾದವರು ಬೆಂಗಳೂರಿನಲ್ಲಿ ಹದಿಮೂರು ಹದಿನಾಲ್ಕು ಸಾವಿರಕ್ಕೆ ದುಡಿದು, ಅದು ಪಿ.ಜಿ. ಬಾಡಿಗೆಗೂ ಊಟಕ್ಕೂ ಸಾಲದೆ ದೀಪಾವಳಿಯ ವೇಳೆಗೆ ಊರಿಗೆ ಮರಳುತ್ತಿದ್ದರು. ಆರು ಸಾವಿರ ಕಟ್ಟಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಪ್ರಮಾಣಪತ್ರ ಪಡೆದವರ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಅಂಗಡಿಯಿಂದ ಚೀಲದಲ್ಲಿ ತುಂಬಿ ಬರುವ ಬಿಲ್ಲುಗಳನ್ನು ಅವರು ಕಂಡೇ ಇರಲಿಲ್ಲ.

10ರಿಂದ 20 ಏಕೆಂಬುದು ವೃತ್ತಿಯವರಿಗೆ ಗೊತ್ತೇ ಇದೆ: ಪ್ರತಿ ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11ಕ್ಕೆ ಮಾರಾಟದ ವಿವರ (ಜಿಎಸ್‌ಟಿಆರ್-1) ಕೊಡುವ ಗಡುವು, 14ಕ್ಕೆ ಮಾರಿದವರು ತುಂಬಿದ ಬಿಲ್ಲುಗಳ ಪಟ್ಟಿ (2ಬಿ), 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ ವಿವರ (3ಬಿ). ಆ ದಿನಗಳಲ್ಲಿ ಕಚೇರಿಗಳಿಗೆ ಜನ ಸಾಲುವುದಿಲ್ಲ. ಖರೀದಿ ಪುಸ್ತಕದಲ್ಲಿ ಬಿಲ್ ಸಂಖ್ಯೆ 147 ಎಂದಿದ್ದು, ಮಾರಿದವನು 0147 ಎಂದು ತುಂಬಿದ್ದರೆ ಎಕ್ಸೆಲ್ ಎರಡನ್ನೂ ಬೇರೆ ಬಿಲ್ಲುಗಳೆಂದೇ ತೋರಿಸುತ್ತದೆ. ಇಂಥದನ್ನು ಹುಡುಕಿ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ ಅಂಗಡಿಯವರ ಕೈತಪ್ಪದಂತೆ ನೋಡಿಕೊಂಡ ಹುಡುಗಿಯನ್ನು ಯಾವ ಸಲಹೆಗಾರರೂ ಬಿಟ್ಟುಕೊಡುವುದಿಲ್ಲ. ಯಾವ ಕಚೇರಿಗೆ ಯಾರನ್ನು ಕಳುಹಿಸಬೇಕೆಂದು ನಿರ್ಧರಿಸಲು ನಾನು ಕೊಡುವ ಒಂದು ಪುಟದ ಪರೀಕ್ಷೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಕಚೇರಿಯವರು ಮೊದಲ ಎರಡು ತಿಂಗಳು ಬಸ್ ಖರ್ಚು, ಆಮೇಲೆ ಮೂರು ಸಾವಿರದಷ್ಟು ಕೊಡಬೇಕೆಂಬ ಮಾತನ್ನು ಮಾತ್ರ ಮೊದಲೇ ಆಡಿ ಮುಗಿಸಿರುತ್ತೇನೆ.

ಪದವಿ ಮುಗಿಸಿದವರಿಗೆ ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್, ಅಂದರೆ ಭತ್ಯೆ ಪಡೆಯುತ್ತಾ ಕೆಲಸ ಕಲಿಯುವ, ದಾರಿ ಹಿಡಿದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 2019ರ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಗೊತ್ತುಮಾಡಿತ್ತು, ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ 3,000 ತಪ್ಪಿಹೋಗುತ್ತದೆಂದು ಹಿಂಜರಿದ ಪೋಷಕರಿಗೆ ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

ಬಿ.ಎ.ಯವರನ್ನು ನರ್ಸಿಂಗ್ ಹೋಂಗಳ ಬಿಲ್ಲಿಂಗ್ ಕೌಂಟರಿಗೂ ಕಳುಹಿಸಿ ನೋಡಿದೆ. ಕೆಲಸ ಬೇಗ ಕಲಿತರು, ಆದರೆ ರಾತ್ರಿ ಪಾಳಿ ಎಂದೊಡನೆ ಮನೆಯವರು ಬಿಡಿಸಿದರು. ಈ ವರ್ಷ ಹಗಲು ಪಾಳಿಯನ್ನಷ್ಟೇ ಕೊಡಲು ಒಪ್ಪಿರುವ ಒಂದೆರಡು ಕಡೆ ಮಾತಾಡಿಟ್ಟಿದ್ದೇನೆ.