ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರು ಇಡುವುದು ಹೇಗೆ?

ಊರಿನಿಂದ ಅಮೆರಿಕದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ಹಿತ್ತಲಲ್ಲಿ ಹಮ್ಮಿಂಗ್‌ಬರ್ಡ್ ಕಂಡರೆ ‘ನಮ್ಮ ಸೂರಕ್ಕಿ ಅಲ್ವಾ?’ ಅನ್ನುವುದುಂಟು. ಉದ್ದ ಕೊಕ್ಕು, ಮಿರಮಿರ ಮಿಂಚುವ ಗರಿ, ಹೂವಿನ ಮೇಲಿನ ಆಸೆ ಎಲ್ಲ ಹಾಗೇ ಇದೆ. ಆದರೆ ಎರಡೂ ಬೇರೆ ಕುಲದವು. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನ್ಯೂಜೆರ್ಸಿ ಕಡೆ ಬೇಸಿಗೆಗೆ ಬರುವುದು ರೂಬಿ ಥ್ರೋಟೆಡ್ ಅನ್ನುವ ಜಾತಿ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಅನ್ನಾಸ್ ಅನ್ನುವ ಇನ್ನೊಂದು ಜಾತಿ ವರ್ಷವಿಡೀ ಸಿಗುತ್ತದೆ. ರೂಬಿ ಥ್ರೋಟೆಡ್‌ನ ತೂಕ 3 ಗ್ರಾಂ ಆಸುಪಾಸು. ರೆಕ್ಕೆ ಮಾತ್ರ ಸೆಕೆಂಡಿಗೆ 50 ಸಲ ಬಡಿಯುತ್ತದೆ. ಅದಕ್ಕೇ ಅದಕ್ಕೆ ಹೊತ್ತು ಹೊತ್ತಿಗೂ ಸಿಹಿ ಬೇಕು.

ಮೊದಲು ಸಕ್ಕರೆ ನೀರು. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಬಿಸಿ ನೀರಿನಲ್ಲಿ ಕರಗಿಸಿ, ಪೂರ್ತಿ ಆರಿಸಿ. ಪಾಕ ಬರಿಸುವ ಹಾಗೆ ಕುದಿಸುತ್ತಾ ನಿಲ್ಲಬೇಡಿ, ನೀರು ಆವಿಯಾಗಿ ಅಳತೆ ತಪ್ಪುತ್ತದೆ. ‘ಸಕ್ಕರೆಗಿಂತ ಬೆಲ್ಲ ಒಳ್ಳೇದು’ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಪುಟ್ಟ ಹಕ್ಕಿಗೆ ಆಗಿಬರುವುದಿಲ್ಲ. ಜೇನುತುಪ್ಪ ಬೆರೆಸಿದ ನೀರಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಕೆಂಪು ಬಣ್ಣವೂ ಬೇಡ. ಈ ನೀರು ತುಂಬಿ ತೂಗುಹಾಕುವ ಪಾತ್ರೆ, ಅಂದರೆ ಫೀಡರ್‌ನಲ್ಲಿ ಒಂದಿಷ್ಟು ಕೆಂಪು ಇದ್ದರೆ ಸಾಕು, ಹಕ್ಕಿ ಹುಡುಕಿಕೊಂಡು ಬರುತ್ತದೆ. ಮಿಕ್ಕಿದ ನೀರನ್ನು ಒಂದು ವಾರ ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದು.

ಎಲ್ಲಿ ತೂಗುಹಾಕುವುದು? ನೆರಳಲ್ಲಿ. ಬಿಸಿಲಿಗೆ ಸಕ್ಕರೆ ನೀರು ಹುಳಿಯಾಗುತ್ತದೆ. ಕಿಟಕಿ ಗಾಜಿನಿಂದ ಒಂದೋ 3 ಅಡಿಯೊಳಗೆ, ಇಲ್ಲವೇ ತುಂಬಾ ದೂರ. ನಡುವೆ ಇದ್ದರೆ ಹಕ್ಕಿ ವೇಗವಾಗಿ ಬಂದು ಗಾಜಿಗೆ ಬಡಿದುಕೊಳ್ಳುವ ಅಪಾಯ ಜಾಸ್ತಿ.

ಇನ್ನು ತೊಳೆಯುವುದು. ನಿಜವಾದ ಕೆಲಸ ಇದೇ. ಸೆಖೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಎರಡು ದಿನಕ್ಕೊಮ್ಮೆಯಾದರೂ ನೀರು ಚೆಲ್ಲಿ, ತೊಳೆದು, ಹೊಸದು ತುಂಬಬೇಕು. ಅದಕ್ಕೂ ಜಾಸ್ತಿ ಕಾದರೆ ದಿನಾ. ಫೀಡರ್ ಅರ್ಧ ತುಂಬಿದೆ, ಸುಮ್ನೆ ಯಾಕೆ ಚೆಲ್ಲೋದು ಅಂತ ಮೇಲಿಂದ ಹೊಸ ನೀರು ಸುರಿಯಲೇಬೇಡಿ. ಬೆಳಕಿಗೆ ಹಿಡಿದು ನೋಡಿ: ನೀರು ಮಬ್ಬಾಗಿದ್ದರೆ, ಒಳಗೆ ಎಳೆ ಎಳೆಯಾಗಿ ಏನೋ ತೇಲುತ್ತಿದ್ದರೆ ಅದು ಕೆಟ್ಟಿದೆ. ಕೊಕ್ಕು ತೂರಿಸುವ ತೂತುಗಳ ಅಂಚಲ್ಲಿ ಕಪ್ಪು ಚುಕ್ಕಿ ಕಂಡರೆ ಅದು ಬೂಸ್ಟು. ಬಿಡಿಭಾಗಗಳನ್ನೆಲ್ಲ ಬಿಚ್ಚಿ, ಬಿಸಿ ನೀರಿಗೆ ವಿನಿಗರ್ ಸೇರಿಸಿ ನೆನೆಹಾಕಿ. ತೂತುಗಳೊಳಗೆ ಸಣ್ಣ ಬ್ರಷ್ ಆಡಿಸಿ, ವಾಸನೆ ಹೋಗುವವರೆಗೂ ಜಾಲಿಸಿ. ಇಷ್ಟು ಬಿಡುವು ಸಿಗದಿದ್ದರೆ ಫೀಡರ್ ಬೇಡವೇ ಬೇಡ. ಕೊಳಕು ಫೀಡರ್‌ನಿಂದ ಹಕ್ಕಿಗೆ ಕಾಯಿಲೆ ಬರುತ್ತದೆ. ಅದರ ಬದಲು ಸಾಲ್ವಿಯಾ, ಬೀ ಬಾಮ್, ಕಾರ್ಡಿನಲ್ ಫ್ಲವರ್‌ನಂಥ ಹೂಗಿಡ ನೆಡಿ. ಹೂವಿನ ಮಕರಂದಕ್ಕೆ ತೊಳೆಯುವ ರಗಳೆಯಿಲ್ಲ.

ಇರುವೆ ಮತ್ತು ಜಗಳ. ಫೀಡರ್ ಮೇಲ್ಗಡೆ ನೀರಿನ ಪುಟ್ಟ ಬಟ್ಟಲು ತೂಗುಹಾಕಿದರೆ ಇರುವೆ ದಾಟುವುದಿಲ್ಲ. ಎಣ್ಣೆ, ಗ್ರೀಸ್ ಸವರಬೇಡಿ, ಗರಿಗೆ ಅಂಟಿದರೆ ಹಾರುವುದೇ ಕಷ್ಟ. ಗಂಡು ಹಕ್ಕಿಗೆ ಇಡೀ ಫೀಡರ್ ತನ್ನದೇ ಅನ್ನುವ ಹಟ. ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಅದರ ಕಣ್ಣಿಗೆ ಬೀಳದ ಮೂಲೆಯಲ್ಲಿ ಇನ್ನೊಂದು ಫೀಡರ್ ಹಾಕಿದರೆ ಉಳಿದವಕ್ಕೂ ಪಾಲು ಸಿಗುತ್ತದೆ.

ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಸಣ್ಣ ಹುಳು, ಜೇಡಗಳೂ ಇವುಗಳ ಊಟ. ಮರಿಗಳಿಗಂತೂ ಅದೇ ಮುಖ್ಯ.

ಫೀಡರ್ ಇಟ್ಟರೆ ಹಕ್ಕಿಗಳು ವಲಸೆ ಹೋಗದೆ ಉಳಿದುಬಿಡುತ್ತವೆ ಅನ್ನುವ ಭಯ ಬೇಡ. ದಿನ ಚಿಕ್ಕದಾಗುತ್ತಿದ್ದಂತೆ ಅವು ಹೊರಡುತ್ತವೆ. ಅಮೆರಿಕದ ಪೂರ್ವ ಭಾಗದಲ್ಲಿರುವವರು ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ನೀರು ಇಡಿ. ಉತ್ತರದಿಂದ ತಡವಾಗಿ ಇಳಿದು ಬರುವವು ಹಸಿದಿರುತ್ತವೆ.