ಗೇಟಿನ ತನಕ

ನಾನು ಓಡೋಕೆ ಶುರು ಮಾಡಿದ್ದು ಭಕ್ತಿಯಿಂದಲ್ಲ, ಶುಗರ್‌ನಿಂದ. ಆಗ ನನಗೆ 42. ರಿಪೋರ್ಟ್ ನೋಡಿದ ಡಾಕ್ಟರು "ಇನ್ನೂ ಗಡಿಯಲ್ಲಿದ್ದೀರಿ, ಸ್ವಲ್ಪ ಮೈ ಬಗ್ಗಿಸಿ" ಅಂದರು. ಮಾರನೇ ದಿನವೇ ಹೊಸ ಶೂ ತಂದೆ. ಕಬ್ಬನ್ ಪಾರ್ಕಿನಲ್ಲಿ ಮೊದಲ ದಿನವೇ ಐದು ಕಿಲೋಮೀಟರ್. ಎರಡು ವಾರದಲ್ಲಿ ಹತ್ತಕ್ಕೆ ಏರಿಸಿದೆ. ಮೂರನೇ ವಾರ ಮೊಣಕಾಲಿನ ಕೆಳಗಿನ ಎಲುಬು ನೋಯಲು ಶುರುವಾಗಿ, ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು.

ಐಸ್ ಇಟ್ಟುಕೊಂಡು ಕೂತಾಗ ನಗು ಬಂತು. ಸತ್ಯವೇದ, ಅಂದರೆ ಬೈಬಲ್, ಓದುವುದರಲ್ಲೂ ನಾನು ಮಾಡುತ್ತಿದ್ದದ್ದು ಇದನ್ನೇ. ಪ್ರತಿ ಜನವರಿ 1ಕ್ಕೆ "ಈ ವರ್ಷ ಪೂರ್ತಿ ಮುಗಿಸ್ತೀನಿ" ಅಂತ ಕೂರುತ್ತಿದ್ದೆ. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಮೊದಲ ಪುಸ್ತಕ ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ವಿಮೋಚನಕಾಂಡ ಅರ್ಧದ ತನಕ ಪರವಾಗಿಲ್ಲ. ಯಾಜಕಕಾಂಡದ ಬಲಿ, ಕುಷ್ಠದ ನಿಯಮಗಳಿಗೆ ಬರುವಷ್ಟರಲ್ಲಿ ಫೆಬ್ರವರಿ. ಅಲ್ಲಿಗೆ ಮಂಗಳ. ಏಳೆಂಟು ವರ್ಷ ಹೀಗೇ. ನನ್ನ ಸತ್ಯವೇದದಲ್ಲಿ ಮೊದಲ ನೂರು ಪುಟಗಳ ಅಂಚು ಮಾತ್ರ ಮಾಸಿದೆ.

ಪಾರ್ಕಿನಲ್ಲಿ ದಿನವೂ ಓಡುವ ಹಿರಿಯರೊಬ್ಬರಿದ್ದರು, ಬ್ಯಾಂಕಿನಿಂದ ರಿಟೈರ್ ಆದವರು. ನಾನು ಕುಂಟುವುದನ್ನು ನೋಡಿ ಕೇಳಿದರು: "ಪಕ್ಕದವರ ಜೊತೆ ಮಾತಾಡ್ಕೊಂಡು ಓಡೋಕಾಗುತ್ತಾ ನಿಮಗೆ? ಆಗಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ." ಕಾಲು ಸರಿಯಾದ ಮೇಲೆ ವಾರಕ್ಕೆ ನಾಲ್ಕು ದಿನ, ಎರಡೇ ಕಿಲೋಮೀಟರ್ ಅಂತ ಕಟ್ಟು ಹಾಕಿದರು. ಮನಸ್ಸಿಲ್ಲದ ದಿನ? "ಶೂ ಹಾಕ್ಕೊಂಡು ಪಾರ್ಕ್ ಗೇಟ್ ತನಕ ಬನ್ನಿ. ಆಮೇಲೂ ವಾಪಸ್ ಹೋಗ್ಬೇಕು ಅನ್ನಿಸಿದ್ರೆ ಧಾರಾಳವಾಗಿ ಹೋಗಿ." ಇಷ್ಟು ವರ್ಷದಲ್ಲಿ ಗೇಟಿನಿಂದ ವಾಪಸ್ ಹೋದದ್ದು ಎರಡೇ ಸಲ. ಒಂದು ಸಲವಂತೂ ಜೋರು ಮಳೆ.

ಅದೇ ಲೆಕ್ಕವನ್ನು ಪ್ರಾರ್ಥನೆಗೂ ಹಾಕಿದೆ. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೆ ಒಂದೇ ಕೀರ್ತನೆ, ಬಾಯಿಬಿಟ್ಟು ಓದುವುದು. ಬೆಳಗ್ಗೆ ಐದೂವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ, ಶೂ ಲೇಸ್ ಕಟ್ಟುವ ಮೊದಲು. 150 ಕೀರ್ತನೆಗೆ ಐದು ತಿಂಗಳು ಸಾಕು. 119ನೆಯದು ಮಾತ್ರ 176 ವಚನ, ಅದಕ್ಕೆ ಒಂದು ವಾರ ಕೊಟ್ಟೆ. ಸುಮ್ನೆ ಯಾಕೆ ಜಂಭ?

ಎರಡನೇ ಸುತ್ತು ನಡೆಯುತ್ತಿದ್ದಾಗ ಅಮ್ಮ ತೀರಿಕೊಂಡರು. ನಮ್ಮ ಚರ್ಚಿನ ಸಭೆಯವರು ಬಂದು "ಅಮ್ಮ ಕರ್ತನ ಹತ್ತಿರ ಇದ್ದಾರೆ, ಸ್ತೋತ್ರ ಮಾಡಿ" ಅಂದರು. ನಾನೂ ಅದನ್ನು ನಂಬುತ್ತೇನೆ. ಆದರೆ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ, ತಿಂಗಳುಗಟ್ಟಲೆ. ಸ್ಟೂಲಿನ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಗೇಟಿನ ತನಕ ಹೋದ ಹಾಗೆ, ಅಷ್ಟೇ. ಒಂದು ಬೆಳಗ್ಗೆ 88ನೇ ಕೀರ್ತನೆ ಬಂತು. ಗೋಳಿನ ಕೀರ್ತನೆಗಳು ಬಹುಪಾಲು ಕೊನೆಗಾದರೂ ನಂಬಿಕೆಯ ಮಾತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿದುಬಿಡುತ್ತದೆ. ಇಂಥದ್ದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ ಅಂತ ತುಂಬ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತೆ. ಆಮೆನ್ ಅನ್ನದೆ ಎದ್ದು ಹೋಗಿ ನನ್ನ ಎರಡು ಕಿಲೋಮೀಟರ್ ಓಡಿದೆ.

ಯೇಸುವಿನ ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ನಂಬಿಕೆಯ ಬಾಳನ್ನು ಓಟಕ್ಕೆ ಹೋಲಿಸಿದ ಮಾತು ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಆಗಾಗ ಬರುತ್ತದೆ. ಅವನು ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ಇದ್ದವನು. ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವನಿಗೆ ಸೊಪ್ಪಿನ ಕಿರೀಟ. ಬಾಡಿಹೋಗುವ ಕಿರೀಟ ಅಂತ ಅವನು ಬರೆದಾಗ ಅಲ್ಲಿಯವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಆ ಮಾತನ್ನು ಹಿಡಿದು "ನೀವು ಇನ್ನೂ ಜೋರಾಗಿ ಓಡಬೇಕು" ಅಂತ ಗದರುವ ಪ್ರಸಂಗ ನನಗೆ ಸೇರುವುದಿಲ್ಲ. ಓಟದಲ್ಲಿ ದುಡಿದಷ್ಟು ಸಿಗುತ್ತದೆ, ಕೃಪೆ ಹಾಗಲ್ಲ ಅಲ್ವಾ? ನನ್ನ ಮೊದಲ ಹಾಫ್ ಮ್ಯಾರಥಾನ್, 21.1 ಕಿಲೋಮೀಟರ್, ಮುಗಿಸಲು 2 ಗಂಟೆ 51 ನಿಮಿಷ ಬೇಕಾಯಿತು. ನನಗಿಂತ ಒಂದು ಗಂಟೆ ಮುಂಚೆ ಮುಗಿಸಿದ ಆಫೀಸಿನ ಹುಡುಗನ ಕೊರಳಲ್ಲೂ ಅದೇ ಮೆಡಲ್. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ, ಸಂಜೆ ಐದಕ್ಕೆ ತೋಟಕ್ಕೆ ಬಂದು ಪೂರ್ತಿ ದಿನದ ಕೂಲಿ ತಗೊಂಡವನು ನೆನಪಾದ.

ಆ ಓಟ ಇದ್ದದ್ದು ಭಾನುವಾರ ಬೆಳಗ್ಗೆ, ಚರ್ಚಿನ ಆರಾಧನೆಯ ಹೊತ್ತಿಗೆ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ದೇವರ ದಿನವಾದ ಭಾನುವಾರ ಓಡಲಾರೆ ಅಂತ 100 ಮೀಟರನ್ನೇ ಬಿಟ್ಟವರು. ಆಮೇಲೆ 400ರಲ್ಲಿ ಚಿನ್ನ ಗೆದ್ದರು. ನಾನು ಅಷ್ಟು ಗಟ್ಟಿಗನಲ್ಲ. ಮನಸ್ಸು ಚುಚ್ಚಿದರೂ ಓಡಿದೆ.

ಸಂಜೆಯ ಆರಾಧನೆಗೆ ಹೋದೆ. ಗೀತೆಗೆ ಎಲ್ಲರೂ ಎದ್ದರು, ನನ್ನ ತೊಡೆ ಮಾತ್ರ ಕೇಳಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ತಮ್ಮ ಊರುಗೋಲನ್ನು ನನ್ನ ಕಡೆ ಚಾಚಿದರು. "ಹಿಡ್ಕೋ ಮಗಾ, ಎರಡನೇ ಚರಣಕ್ಕಾದ್ರೂ ಏಳು." ಅವರು ಮುಂದಿನ ಬೆಂಚು ಹಿಡಿದು ನಿಂತರು. ನಾನು ಮೂರನೇ ಚರಣಕ್ಕೆ ಎದ್ದೆ.